ಸಾರ್, ಮುಂದೆ ಒಂದು ಜಗಲಿ ಇಟ್ಟುಕೊಡೋಕೆ ಆಗಲ್ವಾ?

ಬೆಂಗಳೂರಿನಲ್ಲಿ ಮನೆಗಳ ಪ್ಲಾನ್ ಹಾಕುವುದು ನನ್ನ ಕೆಲಸ. ರೂಮು, ಅಡುಗೆಮನೆ, ವಾಸ್ತು ಎಲ್ಲ ಮುಗಿದ ಮೇಲೆ ಬಹಳ ಜನ ಕೇಳುವ ಪ್ರಶ್ನೆ ಇದು: "ಊರಲ್ಲಿ ಅಜ್ಜಿ ಮನೆಗೆ ಜಗಲಿ ಇತ್ತು. ಈಗ ಯಾಕೆ ಯಾರೂ ಇಡಲ್ಲ?"

ಟಿವಿ ಬಂತು, ಮೊಬೈಲ್ ಬಂತು, ಜನರಿಗೆ ಜನ ಬೇಡವಾದರು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲ್ಲ. ಜಗಲಿಯ ಜಾಗ ನುಂಗಿದ್ದು ಕಾರು ಮತ್ತು ಬಾಡಿಗೆ.

ಲೆಕ್ಕ ನೋಡಿ. 30×40 ಸೈಟಿನಲ್ಲಿ ರಸ್ತೆಗೆ ಮುಖ ಮಾಡಿರುವುದು 30 ಅಡಿ. ಅಕ್ಕಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 24. ಅದರಲ್ಲಿ ಕಾರಿಗೆ 10 ಅಡಿ. ಮೇಲಿನ ಬಾಡಿಗೆ ಮನೆಗಳಿಗೆ ಹೊರಗಿನಿಂದಲೇ ಮೆಟ್ಟಿಲು. ಸಂಪಿನ ಮುಚ್ಚಳ, ಮೋಟರು, ನೀರಿನ ಮೀಟರು, ಸಾಲಾಗಿ ಕರೆಂಟ್ ಮೀಟರುಗಳು, ಬಾಡಿಗೆಯವರ ಬೈಕು. ಇಷ್ಟಾದ ಮೇಲೆ ಚಪ್ಪಲಿ ಸ್ಟ್ಯಾಂಡಿಗೆ ಜಾಗ ಸಿಕ್ಕರೆ ಪುಣ್ಯ. ಈಗಂತೂ ಮನೆಯನ್ನೇ ಕಂಬಗಳ ಮೇಲೆ ಎತ್ತಿ ಕೆಳಗೆ ಪೂರ್ತಿ ಪಾರ್ಕಿಂಗ್ ಬಿಡುತ್ತಾರೆ. ರಸ್ತೆಯ ಮಟ್ಟದಲ್ಲಿ ಮನುಷ್ಯರೇ ಇಲ್ಲದ ಮೇಲೆ ಜಗಲಿ ಯಾರಿಗೆ?

ಕೆಲವರು ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳ ಫೋಟೋ ತರುತ್ತಾರೆ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳವು. ಮಂಕಿ ಟಾಪ್ ಅನ್ನುವ ಮರದ ಜಾಲರಿಯ ಚೂಪು ಮುಂಚಾಚು, ಅದರ ಕೆಳಗೆ ಕೆಂಪು ನೆಲದ ವರಾಂಡ. ಚೆಂದವೇನೋ ಹೌದು. ಆದರೆ ಆ ವರಾಂಡಕ್ಕೂ ರಸ್ತೆಗೂ ನಡುವೆ ಕಾಂಪೌಂಡು, ಗೇಟು, ಹೂಗಿಡ ಆಗಲೇ ಬಂದಿದ್ದವು.

ಊರಿನ ಜಗಲಿಗೆ ಗೇಟೇ ಇರಲಿಲ್ಲ. ಕಾಲು ಇಳಿಬಿಟ್ಟು ಕೂರಲು ಸರಿಯಾಗುವ ಎತ್ತರ, ಕೂತು ಕೂತು ನುಣ್ಣಗಾದ ಚಪ್ಪಡಿ, ಬೆನ್ನಿಗೆ ಗೋಡೆ. ಬಳೆಗಾರ ಯಾರನ್ನೂ ಕೇಳದೆ ಅಲ್ಲಿ ಮಲಾರ ಇಳಿಸುತ್ತಿದ್ದ. ಅವರೆಕಾಯಿ ಸುಲಿಯುವವರ ಪಕ್ಕದಲ್ಲಿ ದಾರಿಹೋಕರೂ ಒಂದು ಹಿಡಿ ಸುಲಿದು ಎದ್ದು ಹೋಗುತ್ತಿದ್ದರು. ಮನೆಯವರದ್ದೇ ಜಾಗ, ಆದರೆ ಅರ್ಧ ಬೀದಿಯದ್ದು.

ಹಾಗಂತ ಸುಮ್ನೆ ಹೊಗಳುತ್ತಾ ಕೂರುವುದೂ ಬೇಡ. ಯಾರು ಜಗಲಿ ದಾಟಿ ಒಳಗೆ ಬರಬಹುದು, ಯಾರು ಜಗಲಿಯಲ್ಲೇ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಅಂತ ಜಾತಿ ತೀರ್ಮಾನಿಸುತ್ತಿತ್ತು. ಅಜ್ಜಿಯ ಜಗಲಿ ನಮಗೆ ನೆನಪಿರುತ್ತದೆ, ಅಂಗಳದಲ್ಲಿ ನಿಂತವರು ನೆನಪಿರಲ್ಲ.

ಸರಿ, ಈಗ ಇಡಬಹುದಾ? ಇಡಬಹುದು. ನಾನು ಮೊದಲು ಕೇಳುವುದು, "ಗ್ರಿಲ್ ಹಾಕಿಸ್ತೀರಾ?" ಹೆಚ್ಚಿನವರು "ಹಾಕಿಸಲೇಬೇಕಲ್ಲ, ಕಳ್ಳರ ಕಾಟ" ಅನ್ನುತ್ತಾರೆ. ಹಾಗಿದ್ದರೆ ಬೇಡ. ವರ್ಷ ತುಂಬುವುದರೊಳಗೆ ಅಲ್ಲಿ ಹಳೇ ಪೇಪರು, ಮಕ್ಕಳ ಸೈಕಲ್ಲು, ಖಾಲಿ ಸಿಲಿಂಡರ್ ಸೇರಿಕೊಳ್ಳುತ್ತವೆ.

ಗ್ರಿಲ್ ಬೇಡ ಅನ್ನುವವರಿಗೆ ನಾನು ಹೇಳುವ ಉಪಾಯ ಬೇರೆ. ಗೇಟಿನ ಪಕ್ಕ ನಾಲ್ಕೈದು ಅಡಿ ಉದ್ದಕ್ಕೆ ಕಾಂಪೌಂಡ್ ಗೋಡೆಯನ್ನು ಒಂದೂವರೆ ಅಡಿ ಒಳಕ್ಕೆ ತನ್ನಿ. ಹೊರಗೆ ಉಳಿದ ಜಾಗಕ್ಕೆ ಕಟ್ಟೆ ಕಟ್ಟಿ ಮೇಲೊಂದು ಚಪ್ಪಡಿ ಹಾಸಿ. ತರಕಾರಿಯಮ್ಮ ಬುಟ್ಟಿ ಇಳಿಸುತ್ತಾಳೆ, ಡೆಲಿವರಿ ಹುಡುಗ ಎರಡು ನಿಮಿಷ ಕೂರುತ್ತಾನೆ, ವಾಕಿಂಗ್ ಮುಗಿಸಿದ ಪಕ್ಕದ ಮನೆ ತಾತನೂ ಬರಬಹುದು. ಕಟ್ಟೆ ನಿಮ್ಮ ಸೈಟಿನ ಗಡಿಯೊಳಗೇ ಇರಲಿ. ಚರಂಡಿ ಮೇಲೆ ಕಟ್ಟಿದರೆ ಪಾಲಿಕೆಯವರು ಒಡೆದು ಹಾಕುತ್ತಾರೆ, ಅದು ನ್ಯಾಯವೇ. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮುಂದೆ ಒಂದು ಹೊಂಗೆ ಗಿಡ ನೆಡಿ. ಇಲ್ಲದಿದ್ದರೆ ಬೇಸಿಗೆಯ ಸಂಜೆ ಆ ಕಲ್ಲಿನ ಮೇಲೆ ಯಾರೂ ಕೂರಲಾರರು.