ಪಾಗಾರದ ಕಲ್ಲಿಗೆ ಜಾಯಿಕಾಯಿ ಬಣ್ಣ

ತೆಂಗಿನಕಾಯಿ ಹೆರೆಯುತ್ತ ಹೆರೆಯುತ್ತ ತಿರುಳು ಮುಗಿದದ್ದು ಗೊತ್ತಾಗದೆ ಹಲ್ಲು ಕರಟಕ್ಕೆ ತಾಗುತ್ತದಲ್ಲ, ಆ ಸದ್ದು. ಅದೇ ಸದ್ದು ನನ್ನ ಎಡಗಡೆ, ಹಿಂದಿನಿಂದ ಬಂತು. 2024ರ ಜೂನ್ ಕೊನೆಯ ಭಾನುವಾರ, ಸಂಜೆ ಏಳೂಕಾಲು. ಆರಿದ್ರಾ ಮಳೆ ಹೊಯ್ಯುತ್ತಿತ್ತು. ಕುಮಟಾದ ತವರುಮನೆಯಿಂದ ಹೊರಟು ದೇವಿಮನೆ ಘಟ್ಟದ ಅಷ್ಟೂ ತಿರುವು, ಎದುರಿಗೆ ದೀಪ ಉರಿಸಿಕೊಂಡು ಬರುವ ಟ್ಯಾಂಕರು, ರಸ್ತೆ ಕೆಲಸದ ಕೆಸರು ಎಲ್ಲವನ್ನೂ ದಾಟಿ ಬಂದವಳು ನಾನು. ಸೋತದ್ದು ನಮ್ಮ ಮನೆಯ ಪಾಗಾರದ, ಅಂದರೆ ಅಂಗಳದ ಸುತ್ತಿನ ಕಲ್ಲುಗೋಡೆಯ, ಮೂಲೆಗೆ.

ಅಂಗಳದಲ್ಲಿ ಇವರು ಕೊಡೆ ಹಿಡಿದು ಬ್ಯಾಟರಿ ತೋರಿಸುತ್ತ ನಿಂತಿದ್ದರು. ನಾನು ಅವರ ಬೆಳಕು ನೋಡಿದೆನೇ ಹೊರತು ಎಡಗಡೆಯ ಕನ್ನಡಿ ನೋಡಲಿಲ್ಲ. ನೋಡಿದ್ದರೂ ಅದರ ಮೇಲೆ ನೀರಿನ ಹನಿಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮಳೆಯ ಅಬ್ಬರಕ್ಕೆ ಇವರಿಗೆ ಸದ್ದು ಕೇಳಿಸಿರಲಿಲ್ಲ. ನಾನು ಏನೂ ಆಗದವಳಂತೆ ಕಾರನ್ನು ಎಡಗಡೆ ಕೊಟ್ಟಿಗೆಯ ಗೋಡೆಗೆ ಬರುವ ಹಾಗೆ ನಿಲ್ಲಿಸಿ ಒಳಗೆ ಹೋದೆ. ಅದನ್ನು ಬೇಕೆಂದೇ ಮಾಡಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನ ಬೆಳಕಿನಲ್ಲಿ ಹೋಗಿ ನೋಡಿದೆ. ಹಿಂದಿನ ಬಾಗಿಲಿನಿಂದ ಶುರುವಾಗಿ ಚಕ್ರದ ಮೇಲಿನ ತಗಡಿನವರೆಗೆ ಒಂದೂವರೆ ಗೇಣು ಉದ್ದದ ಗೀರು. ಒಂದಲ್ಲ, ಮೂರು, ಜೊತೆಜೊತೆಯಾಗಿ, ಬಾಚಣಿಗೆ ಎಳೆದಂತೆ. ಮಳೆಯಲ್ಲಿ ನಿಂತು ಅದರ ಮೇಲೆ ಕೈ ಇಟ್ಟುಕೊಂಡೆ. ಮಗನಿಗೆ ಜ್ವರ ಬಂದಾಗ ಹಣೆ ಮುಟ್ಟುವ ಹಾಗೆ ಎಂದು ಬರೆದರೆ ಅವನು ಓದಿ ಬೇಸರಿಸಿಕೊಳ್ಳುತ್ತಾನೆ, ಆದರೆ ಹಾಗೆಯೇ ಇತ್ತು.

ಈ ಕಾರಿನ ಹಿನ್ನೆಲೆ ಹೇಳಬೇಕು. 2021ರಲ್ಲಿ, ನಲವತ್ತಮೂರನೇ ವಯಸ್ಸಿನಲ್ಲಿ, ನನ್ನ ಸಂಬಳದ ಸಾಲದಲ್ಲಿ ತೆಗೆದುಕೊಂಡ ವ್ಯಾಗನ್ ಆರ್. ನಾನು ಶಿರಸಿಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ನಮ್ಮ ಮನೆಯಲ್ಲಿ ಮತ್ತಾರಿಗೂ ಕಾರು ಓಡಿಸಲು ಬರುವುದಿಲ್ಲ. ಇವರಿಗೆ ಅಡಿಕೆ ಮರದ ತುದಿಯಲ್ಲಿ ಹೆದರಿಕೆಯಿಲ್ಲ, ಸ್ಟಿಯರಿಂಗ್ ಕಂಡರೆ ಬೆವರುತ್ತಾರೆ. ಕಾರಿನ ಬಣ್ಣದ ಹೆಸರು ನಟ್‌ಮೆಗ್ ಬ್ರೌನ್, ಅಂದರೆ ಜಾಯಿಕಾಯಿ ಕಂದು. ನಮ್ಮ ತೋಟದಲ್ಲಿ ಅಡಿಕೆಯ ನಡುವೆ ಹನ್ನೊಂದು ಜಾಯಿಕಾಯಿ ಮರಗಳಿವೆ. ಬಣ್ಣದ ಹೆಸರು ಹೇಳಿದ ಕೂಡಲೇ ಮಾವ ಎದ್ದು ಹೋಗಿ ಒಂದು ಕಾಯಿ ತಂದರು. ಬಿರಿದ ಸಿಪ್ಪೆ ತೆಗೆದು, ಕೆಂಪು ಜಾಪತ್ರೆ ಬಿಡಿಸಿ, ಒಳಗಿನ ಹೊಳೆಯುವ ಕಾಯನ್ನು ಬಾನೆಟ್ಟಿನ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ಒಣಗಿಸಿದ ಕಾಯಿಯ ಬಣ್ಣ, ಹಸಿಯದ್ದಲ್ಲ’ ಎಂದು ತೀರ್ಪು ಕೊಟ್ಟರು. ಕೆಎ 31ರ ಫಲಕ ಬಂದ ದಿನ ಅತ್ತೆ ಆರತಿ ಮಾಡಿದರು. ಹುಬ್ಬಳ್ಳಿಯಿಂದ ಬಂದಿದ್ದ ಭಾವ, ಅಂದರೆ ಇವರ ಅಣ್ಣ, ಪಾಗಾರದ ಬಾಯಿಯಲ್ಲಿ ಎರಡು ಸಲ ಹೆಜ್ಜೆ ಹಾಕಿ ಅಳತೆ ಮಾಡಿದರು.

‘ಈ ಮೂಲೆಯ ಕಲ್ಲು ತೆಗೆಸಿ ಒಂದು ಮೊಳ ಅಗಲ ಮಾಡಿಸಿ. ಇಲ್ಲದಿದ್ದರೆ ಇದು ಒಂದಲ್ಲ ಒಂದು ದಿನ ತಾಗುತ್ತದೆ.’

‘ಬೇಡ ಭಾವ, ನನಗೆ ಸಾಕು’ ಎಂದಿದ್ದೆ. ಎಲ್ಲರ ಎದುರಿಗೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ.

ಮೂರು ವರ್ಷ ನಾನು ಕಾರಿನ ವಿಷಯದಲ್ಲಿ ಮನೆಗೆ ಹಾಕಿದ ಮಡಿ ಒಂದೆರಡಲ್ಲ. ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುವ ದಿನ ಅದಕ್ಕೆ ಟಾರ್ಪಾಲು ಹೊದಿಸುವುದು, ಗೊನೆ ಇಳಿಸುವ ದಿನ ರಸ್ತೆಗೆ ಕೊಂಡೊಯ್ದು ನಿಲ್ಲಿಸುವುದು, ಬಾನೆಟ್ಟಿನ ಮೇಲೆ ಯಾರೂ ಚೀಲ ಇಡದಿರುವುದು. ಆ ಮಾರ್ಚಿನ ಮಾರಿಕಾಂಬಾ ಜಾತ್ರೆಗೆ ಊರ ಹೊರಗೇ ನಿಲ್ಲಿಸಿ, ಸೊಂಟ ನೋವಿನ ಅತ್ತೆಯನ್ನು ಒಂದು ಮೈಲಿ ನಡೆಸಿದ್ದೇನೆ. ಅತ್ತೆ ಏನೂ ಹೇಳಲಿಲ್ಲ. ಆದರೆ ತೊಟ್ಟಿಲಲ್ಲಿ ಕೂರುವ ಮಕ್ಕಳನ್ನು ನೋಡುತ್ತ ‘ಅವರಿಗಾದರೂ ಕೂರಲು ಸಿಕ್ಕಿತು’ ಎಂದದ್ದು ನನಗೆ ಕೇಳಿಸಿತ್ತು.

ಇಂಥವಳು ಬೆಳಿಗ್ಗೆ ಎದ್ದು ಏನು ಹೇಳಬೇಕು? ‘ಅಯ್ಯೋ, ಇಲ್ಲಿ ನೋಡಿ’ ಎಂದೆ. ‘ಕುಮಟಾದ ಪೇಟೆಯಲ್ಲಿ ನಿಲ್ಲಿಸಿದ್ದಾಗ ಯಾವುದೋ ರಿಕ್ಷಾ ತಾಗಿಸಿಕೊಂಡು ಹೋಗಿರಬೇಕು.’ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಮಧ್ಯಾಹ್ನದ ಹೊತ್ತಿಗೆ ನನಗೇ ಆ ರಿಕ್ಷಾದ ಮೇಲೆ ಸಿಟ್ಟು ಬಂದಿತ್ತು. ಸಂಜೆ ಭಾವನ ಫೋನು. ಇವರು ಹೇಳಿದ್ದರು. ಭಾವ ರಿಕ್ಷಾದವರ ಕುಲವನ್ನೆಲ್ಲ ಹತ್ತು ನಿಮಿಷ ಬೈದರು. ನಾನು ‘ಹೌದು ಭಾವ’ ಎನ್ನುತ್ತಿದ್ದೆ.

ಮರುದಿನ ಕಚೇರಿಯ ಊಟದ ಹೊತ್ತಿನಲ್ಲಿ ಶಿರಸಿಯ ಬಣ್ಣದವನ ಹತ್ತಿರ ಹೋದೆ. ಹುಡುಗ ಕೆಲಸದಲ್ಲಿ ಗಟ್ಟಿಗ, ಮಾತು ಕಡಿಮೆ. ಮೊದಲು ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದ. ಉಗುರು ಜಾರಿ ಹೋದರೆ ಮೇಲಿನ ಪಾರದರ್ಶಕ ಪದರ ಮಾತ್ರ ಹೋಗಿದೆ, ತಿಕ್ಕಿ ಹೊಳಪು ಕೊಟ್ಟರೆ ಮುಗಿಯಿತು. ಸಿಕ್ಕಿಕೊಂಡರೆ ಪೆಟ್ಟು ಬಣ್ಣಕ್ಕೆ ಇಳಿದಿದೆ ಎಂದು ಅರ್ಥ. ಮೂರು ಗೀರಿನಲ್ಲಿ ಒಂದು ಜಾರಿತು, ಎರಡು ಸಿಕ್ಕಿಕೊಂಡವು. ಪಾರದರ್ಶಕ ಪದರ, ಬಣ್ಣ, ಪ್ರೈಮರು ಎಲ್ಲ ಸೇರಿ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಂತೆ. ನಾನು ಮೂರು ವರ್ಷ ಕಾದದ್ದು ಅಷ್ಟು ತೆಳುವಿನ ಒಂದು ವಸ್ತುವನ್ನು.

ಅವನು ಒದ್ದೆ ಬಟ್ಟೆಯಿಂದ ಗೀರನ್ನು ಒರೆಸಿ, ಬಟ್ಟೆಯನ್ನು ನನಗೆ ತೋರಿಸಿದ. ಕೆಂಪು.

‘ಒರೆಸಿದರೆ ಹೋಗುವ ಕೆಂಪು ಮಣ್ಣು. ಹೋಗದೆ ಉಳಿದ ಈ ಎರಡು ಚುಕ್ಕೆ ತುಕ್ಕು. ಅಕ್ಕ, ಏನು ತಾಗಿತು ಎಂದಿರಿ?’

‘ರಿಕ್ಷಾ.’

‘ಬೇರೆ ಗಾಡಿ ತಾಗಿದರೆ ಅದರ ಬಣ್ಣ ಇಲ್ಲಿ ಕುಳಿತಿರುತ್ತದೆ. ಹಳದಿಯೋ ಕಪ್ಪೋ.’ ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡ. ‘ರಿಕ್ಷಾದವನು ಚಿರೆಕಲ್ಲು ಸಾಗಿಸುತ್ತಿದ್ದನೋ ಏನೋ.’

ನಾನು ಮೋಡ ನೋಡಿದೆ. ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಗಣಿಯಿಂದ ತೆಗೆದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ಪಾಗಾರದ ಕಲ್ಲಿಗೆ ಮಾವನ ಅಪ್ಪನ ಕಾಲದಿಂದ ಗಟ್ಟಿಯಾಗಲು ಪುರುಸೊತ್ತು ಸಿಕ್ಕಿದೆ.

ಈ ಮಳೆಯಲ್ಲಿ ಬಣ್ಣ ಹೊಡೆದರೆ ತೇವ ಒಳಗೇ ಉಳಿದು ಆಮೇಲೆ ಗುಳ್ಳೆ ಏಳುತ್ತದೆ, ಮಳೆ ಬಿಡಲಿ ಎಂದ. ಹೊಳಪಿನ ಕಣ ಇರುವ ಬಣ್ಣವಾದ್ದರಿಂದ ಗೀರಿಗಷ್ಟೇ ತೇಪೆ ಹಾಕಿದರೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ, ಪೂರ್ತಿ ಬಾಗಿಲು ಮತ್ತು ಹಿಂದಿನ ತಗಡು ಹೊಡೆಯಬೇಕು, 7,500 ರೂಪಾಯಿ. ಸದ್ಯಕ್ಕೆ ತುಕ್ಕು ಕೆರೆದು ಬೂದು ಬಣ್ಣದ ಪ್ರೈಮರು ಬಳಿದು ಕಳಿಸಿದ. ಕಾರು ಮಂಡಿಗೆ ವಿಭೂತಿ ಹಚ್ಚಿಕೊಂಡ ಹಾಗೆ ಕಾಣುತ್ತಿತ್ತು.

ವಿಮೆ ಇದೆಯಲ್ಲ ಎಂದು ಎಲ್ಲರೂ ಕೇಳಿದರು. ಲೆಕ್ಕದವಳಲ್ಲವೇ, ಹಾಳೆ ತೆಗೆದುಕೊಂಡು ಕುಳಿತೆ. ಪರಿಹಾರ ಕೇಳದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ರಿಯಾಯಿತಿ ಇದೆ: 20, 25, 35, 45, ಆಮೇಲೆ 50 ಶೇಕಡಾ. ನಾನು 35ರಲ್ಲಿದ್ದೆ. ಈಗ ಕೇಳಿದರೆ ಮುಂದಿನ ಮಾರ್ಚಿನಲ್ಲಿ 45ರ ಬದಲು ಸೊನ್ನೆ, ನಂತರ 50ರ ಬದಲು 20, ಹೀಗೆ ಮತ್ತೆ ಮೆಟ್ಟಿಲು ಹತ್ತಬೇಕು. ನನ್ನ ಕಂತು 6,000 ಎಂದು ಹಿಡಿದರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 7,200. ಕೈಗೆ ಬರುವುದು, ನಾವೇ ಹಾಕಬೇಕಾದ 1,000 ಕಳೆದು, 6,500. ಲೆಕ್ಕವೇ ಬೇಡ ಎಂದಿತು. ಎಲ್ಲರಿಗೂ ಇದನ್ನೇ ಹೇಳಿದೆ, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ವಿಮೆಯ ಅರ್ಜಿ ತರಿಸಿ ಎದುರಿಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಘಟನೆ ಹೇಗಾಯಿತು ಎಂದು ಬರೆಯಲು ನಾಲ್ಕು ಸಾಲು ಜಾಗವಿತ್ತು. ಪೆನ್ನು ಹಿಡಿದು ಅಲ್ಲೇ ನಿಂತೆ. ವೋಚರಿನಲ್ಲಿ ‘ಇತರೆ ಖರ್ಚು’ ಎಂದು ಬರೆದು ತಂದ ಸದಸ್ಯರನ್ನು ಇಪ್ಪತ್ತು ವರ್ಷದಿಂದ ವಾಪಸು ಕಳಿಸುತ್ತಿರುವವಳು ನಾನು. ಭಾವನಿಗೆ ಬಾಯಲ್ಲಿ ಹೇಳಿದ ರಿಕ್ಷಾವನ್ನು ಅಕ್ಷರದಲ್ಲಿ ಬರೆಯಲು ಕೈ ಏಳಲಿಲ್ಲ.

ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಚಹಾ ಅಂಗಡಿಯ ಜನ, ಲಾರಿಯ ಜನ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕಾರಿನ ಮಾತು ಯಾರೂ ಎತ್ತಲಿಲ್ಲ. ನಾನೂ ಗೀರನ್ನು ನೋಡಲಿಲ್ಲ. ತವರಿಗೆ ದಿನಕ್ಕೆ ಎರಡು ಸಲ ಫೋನು ಮಾಡುವುದಷ್ಟೇ ಕೆಲಸವಾಗಿತ್ತು.

ಆಗಸ್ಟಿನಲ್ಲಿ, ಒಂದು ಬೆಳಿಗ್ಗೆ ನಾನು ಕಚೇರಿಗೆ ಹೊರಡುವಾಗ ಅತ್ತೆ ಪಾಗಾರದ ಪಕ್ಕ ದಾಸವಾಳ ಕೊಯ್ಯುತ್ತಿದ್ದರು. ಮೂಲೆಯ ಕಲ್ಲಿಗೆ ಒಂದು ಅಡಿಕೆ ಹಾಳೆ ಒರಗಿಸಿಟ್ಟಿತ್ತು. ದಾರಿಗೆ ಅಡ್ಡವಾಗುತ್ತದೆಂದು ತೆಗೆಯಲು ಹೋದೆ.

‘ಅದು ಅಲ್ಲಿಯೇ ಇರಲಿ ತಂಗಿ’ ಎಂದರು.

ಅಷ್ಟರಲ್ಲಿ ತೆಗೆದಾಗಿತ್ತು. ಕಲ್ಲಿನ ಮೈಮೇಲೆ, ಪಾಚಿ ಕಿತ್ತು ಹೋದ ಜಾಗದಲ್ಲಿ, ಸೊಂಟದೆತ್ತರಕ್ಕಿಂತ ತುಸು ಕೆಳಗೆ, ಮೂರು ಕಂದು ಗೆರೆ. ಮಳೆಗೆ ತೊಳೆದು ಇನ್ನಷ್ಟು ಹೊಳೆಯುತ್ತಿದ್ದವು. ಕಾರಿನಿಂದ ಹೋದ ಬಣ್ಣ ಎಲ್ಲಿಗೆ ಹೋಗಿರಬಹುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

‘ಯಾವಾಗ ನೋಡಿದಿರಿ ಅತ್ತೆ?’

‘ಮರುದಿನವೇ. ಹೂ ಕೊಯ್ಯಲು ದಿನಾ ಬರುತ್ತೇನಲ್ಲ.’ ಹೂವಿನ ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು, ಮೊದಲಿನ ಹಾಗೇ ಒರಗಿಸಿದರು. ‘ಚೌತಿಗೆ ದೊಡ್ಡ ಮಾಣಿ ಬರುತ್ತಾನೆ. ಅವನ ಕಣ್ಣು ಸೂಕ್ಷ್ಮ.’

ದೊಡ್ಡ ಮಾಣಿ ಎಂದರೆ ಐವತ್ತೆಂಟು ವರ್ಷದ ಭಾವ. ಒಂದು ಹಾಳೆ ಒದ್ದೆಯಾಗಿ ಕೊಳೆತರೆ ಇನ್ನೊಂದು ಇಡುತ್ತ, ಐದಾರು ವಾರ ಅತ್ತೆ ನನ್ನ ಸುಳ್ಳನ್ನು ಕಾದಿದ್ದರು. ಜಾತ್ರೆಯಲ್ಲಿ ನಡೆಸಿದ ಒಂದು ಮೈಲಿ ನೆನಪಾಗಿ ಅವತ್ತು ಕಚೇರಿಯಲ್ಲಿ ಎರಡು ಕೂಡಿಕೆ ತಪ್ಪಿತು.

ಚೌತಿಗೆ ಭಾವ ಬಂದರು. ಹಬ್ಬಕ್ಕೆ ಮೊದಲು ನೆರೆಯವರೆಲ್ಲ ಕೂಡಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳದ್ದು ಇನ್ನೂ ಒಂದು ಡಬ್ಬಿ ಇತ್ತು. ಜಗುಲಿಯಲ್ಲಿ ತಟ್ಟೆ ಇಟ್ಟುಕೊಂಡು ಕುಳಿತ ಭಾವ ನೆಂಟರಿಗೆ ಕುಮಟಾದ ರಿಕ್ಷಾದ ಕಥೆ ಹೇಳತೊಡಗಿದರು. ಅವರ ಕಥೆಯಲ್ಲಿ ರಿಕ್ಷಾದವನು ನನ್ನನ್ನೇ ಜೋರು ಮಾಡಿದ್ದ, ನಾಲ್ಕು ಜನ ಸೇರಿದ್ದರು, ನಾನು ಅವನಿಗೆ ತಕ್ಕ ಉತ್ತರವನ್ನೂ ಕೊಟ್ಟಿದ್ದೆ. ಕುಮಟಾದ ಯಾವುದೋ ನಿಲ್ದಾಣದಲ್ಲಿ ತನ್ನ ಪಾಡಿಗೆ ಬಾಡಿಗೆ ಕಾಯುತ್ತ ಕುಳಿತಿರುವ ಒಬ್ಬ ಮನುಷ್ಯ ನನ್ನ ಕಣ್ಣಿಗೆ ಬಂದ. ಒಳಬಾಗಿಲಲ್ಲಿ ಅತ್ತೆ ನಿಂತಿದ್ದರು. ನೆಂಟರು ಕೈ ತೊಳೆಯಲು ಎದ್ದಾಗ ಹೇಳಿಯೇಬಿಟ್ಟೆ.

‘ಭಾವ, ಅದು ರಿಕ್ಷಾ ಅಲ್ಲ. ನಮ್ಮ ಪಾಗಾರ. ನಾನೇ ತಾಗಿಸಿದೆ.’

ಭಾವ ಚಕ್ಕುಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಒಂದು ಮೊಳದ ಮಾತು ಈಗ ಬರುತ್ತದೆ, ಬರಲಿ ಎಂದು ಕಾದೆ. ಬರಲಿಲ್ಲ. ತಾನು ಅಂದು ಅಳತೆ ಮಾಡಿದ್ದನ್ನೇ ಅವರು ಮರೆತಿದ್ದರು.

‘ಹಾಗಾದರೆ ಆ ರಿಕ್ಷಾ?’

‘ಇರಲೇ ಇಲ್ಲ.’

‘ಛೆ’ ಎಂದರು. ಮುಖ ನಿಜಕ್ಕೂ ಬಾಡಿತು. ‘ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆಲ್ಲ ಹೇಳಿಬಿಟ್ಟಿದ್ದೇನಲ್ಲ ಮಾರಾಯ್ತಿ. ಈಗ ಅವರಿಗೆ ಏನು ಹೇಳುವುದು?’