ಒಂದು ಬಾಟಲಿ ಎಣ್ಣೆ, ಇಬ್ಬರು ಮಕ್ಕಳು

ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದ ತಾಯಿ ಬ್ಯಾಗಿನಿಂದ ಸಣ್ಣ ಬಾಟಲಿ ತೆಗೆದರು. ನೀರಿನಷ್ಟು ತಿಳಿಯಾದ ಎಣ್ಣೆ. ಅಳತೆ ಚಮಚದ ಗೆರೆಯನ್ನು ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಮಗನ ಗಂಜಿಗೆ ಬೆರೆಸಿದರು.

"ನಿಮ್ಮ ಮಗೂಗೂ ಕೊಬ್ಬು ಉರಿಸೋಕಾಗದ ತೊಂದರೆ ಅಲ್ವಾ? ಎಮ್‌ಸಿಟಿ ಎಣ್ಣೆ ಇದು. ಇವನು ಚೇತರಿಸಿಕೊಂಡಿದ್ದೇ ಇದರಿಂದ. ಒಂದು ಚಮಚ ಹಾಕಿ ನೋಡಿ."

ನಾನು ಕೈ ಚಾಚಿಯೇ ಬಿಟ್ಟಿದ್ದೆ. ಎದುರಿಗೆ ಬರುತ್ತಿದ್ದ ಆಹಾರತಜ್ಞೆ ಅಲ್ಲಿಂದಲೇ ಕೂಗಿದರು. "ಬೇಡ! ಇವಳಿಗೆ ಅದು ಬೇಡವೇ ಬೇಡ."

ಆರು ತಿಂಗಳ ಹಿಂದೆ ಮಗಳಿಗೆ ವಾಂತಿಯಾಗಿ, ರಾತ್ರಿ ಏನೂ ತಿನ್ನದೆ ಮಲಗಿದ್ದಳು. ಬೆಳಿಗ್ಗೆ ಎತ್ತಿಕೊಂಡರೆ ಕತ್ತು ನಿಲ್ಲುತ್ತಿರಲಿಲ್ಲ. ಮೈಯೆಲ್ಲ ತಣ್ಣನೆ ಬೆವರು. ರಕ್ತದ ಸಕ್ಕರೆ 28, ತೀರಾ ಕಡಿಮೆ. ಹೊಟ್ಟೆ ಖಾಲಿ ಇದ್ದಾಗ ಮೈ ಕೊಬ್ಬನ್ನು ಉರಿಸಿ ಕೀಟೋನ್ ಎಂಬ ಬದಲಿ ಇಂಧನ ಮಾಡಿಕೊಳ್ಳಬೇಕು. ಅವಳ ಮೂತ್ರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಡ್ರಿಪ್‌ನಲ್ಲಿ ಗ್ಲೂಕೋಸ್ ಹೋದ ಮೇಲೆ ಕಣ್ಣು ಬಿಟ್ಟಳು. ಕಾಗದದ ಕಾರ್ಡಿನ ಮೇಲೆ ಒಣಗಿಸಿದ ನಾಲ್ಕು ಹನಿ ರಕ್ತ ಉತ್ತರ ಹೇಳಿತು. ಎಂಟು ಕಾರ್ಬನ್ನಿನ ಕೊಬ್ಬಿನ ತುಣುಕು ರಾಶಿ ಬಿದ್ದಿತ್ತು. ಎಮ್‌ಕ್ಯಾಡ್ ಎಂಬ ಕಿಣ್ವ ಕೆಲಸ ಮಾಡುತ್ತಿಲ್ಲ ಎಂದರು.

ಆ ಹುಡುಗನಿಗೆ ಇದ್ದದ್ದು ವಿಎಲ್‌ಕ್ಯಾಡ್ ಎಂಬ ಇನ್ನೊಂದು ಕಿಣ್ವದ ಕೊರತೆ. ಹೆಸರು ಕೇಳಿ ಎರಡೂ ಒಂದೇ ಅಂದುಕೊಂಡಿದ್ದೆವು, ಇಬ್ಬರೂ ತಾಯಂದಿರು.

ಎರಡೂ ಒಂದೇ ಮನೆತನದ ಕಿಣ್ವಗಳು ಅನ್ನೋದು ನಿಜ. ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಕೊಬ್ಬಿನ ಸರದಿಂದ ಪ್ರತಿ ಸುತ್ತಿಗೆ ಎರಡು ಕಾರ್ಬನ್ ಕತ್ತರಿಸಿ ಹೋಗುತ್ತದೆ. ಆ ಸುತ್ತಿನ ಮೊದಲ ಹೆಜ್ಜೆ, ಎರಡು ಹೈಡ್ರೋಜನ್ ಕಿತ್ತುಕೊಳ್ಳುವುದು, ಇವುಗಳದ್ದು. ಎಮ್‌ಕ್ಯಾಡ್‌ಗೆ ಸುಮಾರು 6ರಿಂದ 12 ಕಾರ್ಬನ್ನಿನ ಮಧ್ಯಮ ಸರ ಒಗ್ಗುತ್ತದೆ. ವಿಎಲ್‌ಕ್ಯಾಡ್‌ಗೆ ಅದಕ್ಕಿಂತ ಉದ್ದದ್ದು. ವ್ಯತ್ಯಾಸ ಇರುವುದು ಸರ ಬಂದು ಕೂರುವ ಜೇಬಿನ ಆಳದಲ್ಲಿ. ಎಮ್‌ಕ್ಯಾಡ್‌ನ ಜೇಬಿನ ತಳಕ್ಕೆ ಗ್ಲುಟಮಿನ್, ಗ್ಲುಟಮೇಟ್ ಎಂಬ ಎರಡು ದಪ್ಪ ಅಮೈನೋ ಆಮ್ಲಗಳು ಅಡ್ಡ ಕೂತಿವೆ. ವಿಎಲ್‌ಕ್ಯಾಡ್‌ನಲ್ಲಿ ಆ ಎರಡೂ ಜಾಗದಲ್ಲಿ ಗ್ಲೈಸಿನ್ ಇದೆ, ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಅಷ್ಟಕ್ಕೇ ಜೇಬು ಆಳವಾಗಿ, ಉದ್ದದ ಸರಕ್ಕೂ ಜಾಗವಾಗುತ್ತದೆ. ಎರಡು ಅಮೈನೋ ಆಮ್ಲಗಳ ಗಾತ್ರ! ಇದನ್ನು ತಿಳಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಎಮ್‌ಸಿಟಿ ಎಣ್ಣೆಯಲ್ಲಿ ಇರುವುದು ಹೆಚ್ಚಾಗಿ 8 ಮತ್ತು 10 ಕಾರ್ಬನ್ನಿನ, ಅಂದರೆ ಮಧ್ಯಮ ಸರದ ಕೊಬ್ಬು. ತೆಂಗಿನೆಣ್ಣೆಯಿಂದಲೂ ತೆಗೆಯುತ್ತಾರೆ. ವಿಎಲ್‌ಕ್ಯಾಡ್ ಇಲ್ಲದ ಹುಡುಗನಿಗೆ ಅದು ಔಷಧಿ, ಕೆಟ್ಟ ಹೆಜ್ಜೆಯನ್ನು ದಾಟಿಸಿ ಶಕ್ತಿ ಕೊಡುತ್ತದೆ. ನನ್ನ ಮಗಳಿಗೆ ಸಿಕ್ಕಿಹಾಕಿಕೊಳ್ಳುವ ಜಾಗವೇ ಅದು. ಅಡುಗೆಯ ಶೇಂಗಾ ಎಣ್ಣೆಯ ಉದ್ದದ ಕೊಬ್ಬನ್ನಾದರೆ ಹೊಟ್ಟೆ ತುಂಬಿದಾಗ ಮೈ ಕೂಡಿಟ್ಟುಕೊಳ್ಳಬಹುದು. ಮಧ್ಯಮ ಕೊಬ್ಬು ನೇರ ಲಿವರ್‌ಗೆ ಹೋಗಿ, ಈಗಲೇ ಉರಿಸು ಎಂದು ನಿಲ್ಲುತ್ತದೆ.

ಆ ತಾಯಿಯ ಮುಖ ಬಿಳಿಚಿಕೊಂಡಿತ್ತು. ಮುಚ್ಚಳ ತಿರುಗಿಸುವಾಗ ಕೈ ನಡುಗುತ್ತಿತ್ತು. "ನಿಮ್ಮ ಮನಸ್ಸು ನನಗೆ ಗೊತ್ತು" ಎಂದು ಅವರ ಕೈ ಹಿಡಿದುಕೊಂಡೆ.

ಹುಡುಗನ ಕಣ್ಣು ನನ್ನ ಡಬ್ಬಿಯಲ್ಲಿದ್ದ ಶೇಂಗಾ ಉಂಡೆಯ ಮೇಲಿತ್ತು. ಅವನಿಗೆ ಅದು ಆಗದು. ಡಬ್ಬಿ ಮುಚ್ಚಿ ಒಳಗಿಟ್ಟು, ಬಾಳೆಹಣ್ಣು ಸುಲಿದು ಎರಡು ತುಂಡು ಮಾಡಿದೆ. ದೊಡ್ಡ ತುಂಡು ತನಗೇ ಬೇಕೆಂದು ಮಗಳು ಹಟ ಹಿಡಿದಳು.