ಒಬ್ರೇನಾ ಮೇಡಂ?

ಮೂರು ದಿನದ ಕಬಿನಿ ತಿರುಗಾಟದಲ್ಲಿ ನನ್ನ ಕಿವಿಗೆ ಜಾಸ್ತಿ ಬಿದ್ದ ಕೂಗು ಜಿಂಕೆಯದಲ್ಲ, ನವಿಲಿನದೂ ಅಲ್ಲ. "ಒಬ್ರೇನಾ ಮೇಡಂ?" ಅನ್ನೋದು.

ಹೌದು ಕಣ್ರೀ, ಒಬ್ಬಳೇ. ಜಗಳ ಆಡಿಕೊಂಡು ಬಂದಿಲ್ಲ, ಜೀವನದ ಅರ್ಥ ಹುಡುಕೋಕೂ ಬಂದಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ರಜೆ ಉಳಿದಿತ್ತು, ಗೆಳತಿಯರಲ್ಲಿ ಒಬ್ಬಳಿಗೆ ಮಗುವಿನ ಪರೀಕ್ಷೆ, ಇನ್ನೊಬ್ಬಳಿಗೆ ಅತ್ತೆಮನೆ ಮದುವೆ. ಇವರೆಲ್ಲ ಬಿಡುವಾಗಲಿ ಅಂತ ಕಾದರೆ ಆನೆಗಳು ನನಗಾಗಿ ಕಾಯೋದಿಲ್ಲ ಅನ್ನಿಸಿತು, ಹೊರಟೆ.

ಮೊದಲ ಏಟು ಬಿದ್ದಿದ್ದು ರೂಮ್ ಹುಡುಕುವಾಗ. ಹಿನ್ನೀರಿನ ದಡದ ಒಂದು ರೆಸಾರ್ಟ್‌ಗೆ ಫೋನ್ ಮಾಡಿದರೆ, ಒಬ್ಬರೇ ಬಂದರೂ ಇಬ್ಬರ ದುಡ್ಡು ಅಂದರು. "ಹಾಗಾದರೆ ಎರಡು ಊಟ ಕೊಡ್ತೀರಾ?" ಅಂತ ಕೇಳಿದೆ. ಆ ಹುಡುಗ ನಕ್ಕ, ಆದರೆ ರೇಟು ಇಳಿಸಲಿಲ್ಲ. ಕೊನೆಗೆ ಅಂತರಸಂತೆ ಹತ್ತಿರ ಒಂದು ಮನೆಯಲ್ಲಿ ರೂಮ್ ಸಿಕ್ಕಿತು. ರಾತ್ರಿಗೆ ಮುದ್ದೆ, ಬಸ್ಸಾರು, ಕೂರೋಕೆ ಜಗಲಿ. ಮನೆಯ ಅಮ್ಮ ಕೂಡ ಕೇಳಿದ್ದು ಅದೇ ಪ್ರಶ್ನೆ, ಆದರೆ ಅವರು ಕೇಳಿದ ಮೇಲೆ ಉತ್ತರಕ್ಕೂ ಕಾಯದೆ ಇನ್ನೊಂದು ಮುದ್ದೆ ಹಾಕಿದರು.

ಒಬ್ಬರೇ ಹೋಗೋದರಲ್ಲಿ ಒಂದು ಲಾಭ ಇದೆ, ಯಾರೂ ಹೇಳಲ್ಲ. ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಸಫಾರಿಗೆ ಹೋದಾಗ ಸೀಟು ಇಲ್ಲ ಅಂದವರು ಹತ್ತು ನಿಮಿಷ ಬಿಟ್ಟು ತಾವೇ ಕರೆದರು. ಮೂರು ಜನ, ಐದು ಜನ ಅಂತ ಗುಂಪುಗಳನ್ನು ಕೂರಿಸಿದ ಮೇಲೆ ಎಲ್ಲೋ ಒಂದು ಸೀಟು ಮಿಕ್ಕೇ ಮಿಗುತ್ತೆ. ಅದು ನನ್ನದು. ಎರಡು ಸಲವೂ ಹೀಗೇ ಆಯಿತು. ಕಿಟಕಿ ಪಕ್ಕದ ಸೀಟು ಸಿಗುತ್ತೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಏಪ್ರಿಲ್‌ನ ನಾಗರಹೊಳೆ ಹಸಿರಾಗಿ ಇರಲ್ಲ. ತೇಗದ ಮರಗಳು ಎಲೆ ಕಳೆದುಕೊಂಡು ಕಡ್ಡಿ ಕಡ್ಡಿಯಾಗಿ ನಿಂತಿರುತ್ತವೆ, ಕೆಳಗೆ ಒಣ ಎಲೆ ಮತ್ತು ಎಲ್ಲಿ ನೋಡಿದರೂ ಲಂಟಾನ. ಧೂಳಂತೂ ಹಲ್ಲಿನಲ್ಲಿ ಕರಕರ ಅನ್ನುತ್ತೆ. ಆದರೂ ಗೊತ್ತಿರುವವರು ಈ ಉರಿಬಿಸಿಲಲ್ಲೇ ಬರ್ತಾರೆ, ಯಾಕಂದರೆ ಆಗ ಹಿನ್ನೀರು ಇಳಿದು ದಡದಲ್ಲಿ ಹೊಸ ಹುಲ್ಲು ಚಿಗುರಿರುತ್ತೆ. ಕಾಡಿನೊಳಗೆ ಕೆರೆಕಟ್ಟೆ ಬತ್ತಿರುತ್ತವೆ. ಮೇವೂ ನೀರೂ ಒಂದೇ ಕಡೆ ಸಿಗೋದು ಇಲ್ಲಿ ಮಾತ್ರ. ಹಾಗಾಗಿ ನಾಗರಹೊಳೆ, ಬಂಡೀಪುರ, ವಯನಾಡು ಎಲ್ಲ ಕಡೆಯ ಆನೆಗಳೂ ಇಲ್ಲಿಗೇ ಇಳಿದು ಬರುತ್ತವೆ.

ಮೊದಲ ಸಫಾರಿಯಲ್ಲೇ ಆ ದಡ ಕಂಡಿತು. ಒಂದು ತಿರುವು, ಮರಗಳು ಸರಿದವು, ಎದುರಿಗೆ ಮೈದಾನದಷ್ಟು ಹುಲ್ಲು, ಆಚೆ ನೀರು, ನೀರಿನಾಚೆ ಬಂಡೀಪುರದ ಕಾಡು. ಆನೆಗಳನ್ನು ಎಣಿಸೋಕೆ ಶುರು ಮಾಡಿದೆ. ನಲವತ್ತಮೂರಕ್ಕೆ ಬಂದಾಗ ಒಂದು ಮರಿ ಅಮ್ಮನ ಕಾಲಡಿ ನುಗ್ಗಿ ಆ ಕಡೆಯಿಂದ ಈಚೆ ಬಂತು, ಅದನ್ನು ಎಣಿಸಿದ್ದೆನೋ ಇಲ್ಲವೋ ಗೊತ್ತಾಗಲಿಲ್ಲ, ಅಲ್ಲಿಗೆ ಲೆಕ್ಕ ಬಿಟ್ಟೆ. ಆನೆಗಳು ಹುಲ್ಲು ಕೀಳುವ ರೀತಿ ನೋಡಬೇಕು. ಸೊಂಡಿಲಿಗೆ ಒಂದು ಹಿಡಿ ಸುತ್ತಿಕೊಂಡು, ಮುಂಗಾಲಿನಿಂದ ಒದ್ದು ಕಿತ್ತು, ಮಣ್ಣು ಹೋಗಲಿ ಅಂತ ಮಂಡಿಗೆ ಪಟಪಟ ಬಡಿದು ಬಾಯಿಗೆ ಹಾಕಿಕೊಳ್ಳುತ್ತವೆ. ನಮ್ಮಜ್ಜಿ ಮೆಂತ್ಯೆ ಸೊಪ್ಪು ಕೊಡವುತ್ತಿದ್ದ ಹಾಗೆ.

ನೀರಿನಲ್ಲಿ ಅಲ್ಲಲ್ಲಿ ಕರಿ ಬೊಡ್ಡೆಗಳು ನಿಂತಿದ್ದವು, ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಅದೆಲ್ಲ ಒಂದು ಕಾಲದ ಕಾಡು. 1974ರಲ್ಲಿ ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ್ದು. ನಾವು ಬಾಯಿ ಬಿಟ್ಟುಕೊಂಡು ನೋಡುವ ಈ ಹುಲ್ಲುಗಾವಲು ನೀರು ಏರಿ ಇಳಿದು ಮಾಡಿದ್ದು. ಮುಳುಗಿದ್ದರಲ್ಲಿ ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯೋದು, ನಡೆಯುತ್ತಿದ್ದ ಜಾಗವೂ ಸೇರಿದೆ. ನೂರಾರು ಜನ ತಮಟೆ, ಬೆಂಕಿ ಹಿಡಿದು ಹಿಂಡು ಹಿಂಡು ಆನೆಗಳನ್ನು ಹೊಳೆಗೆ ಇಳಿಸಿ ಆಚೆ ದಡದ ದೊಡ್ಡಿಯೊಳಗೆ ಅಟ್ಟುತ್ತಿದ್ದರಂತೆ, ಅದನ್ನು ನೋಡೋಕೆ ದೊಡ್ಡ ದೊಡ್ಡವರು ಅಟ್ಟಣೆ ಹಾಕಿಸಿಕೊಂಡು ಕೂರುತ್ತಿದ್ದರಂತೆ. ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ. ಆ ಹಿಂಡಿನಲ್ಲಿ ಆಗ ಮರಿಯಾಗಿದ್ದು ತಪ್ಪಿಸಿಕೊಂಡ ಆನೆ ಯಾವುದಾದರೂ ಇನ್ನೂ ಇಲ್ಲಿ ಮೇಯ್ತಾ ಇರಬಹುದಾ? ಇರಬಹುದು. 2022ರ ಜೂನ್‌ನಲ್ಲಿ ಸತ್ತ ಭೋಗೇಶ್ವರನಿಗೆ ಅರವತ್ತರ ಹತ್ತಿರ ವಯಸ್ಸು ಅಂತಿದ್ದರು. ನೆಲ ಮುಟ್ಟುವ ದಂತದ ಸಲಗ ಅದು, ಒಂದು ದಂತವೇ ಎರಡೂವರೆ ಮೀಟರ್ ಇತ್ತು.

ಸಲಗ ಅಂದಾಗ ನೆನಪಾಯಿತು. ಆನೆ ಹಿಂಡು ಅಂದರೆ ಹೆಂಗಸರ ಸಂಸಾರ. ವಯಸ್ಸಾದ ಹೆಣ್ಣಾನೆ ಯಜಮಾನಿ, ಗಂಡು ಬೆಳೆದ ಮೇಲೆ ಹೊರಗೆ. ಗೈಡ್ ಇದನ್ನು ವಿವರಿಸಿ, ದೂರದಲ್ಲಿ ಒಂಟಿಯಾಗಿದ್ದ ಒಂದನ್ನು ತೋರಿಸಿ "ಒಂಟಿ ಸಲಗ, ಹುಷಾರಾಗಿರಬೇಕು" ಅಂದರು. ಒಂಟಿ ಸಲಗ ಅಂದರೆ ಜನಕ್ಕೆ ಭಯ, ಒಂಟಿ ಹೆಂಗಸು ಅಂದರೆ ಅನುಮಾನ. ನಾನು ಅವನ ಕಡೆ ತಿರುಗಿ ಮನಸ್ಸಿನಲ್ಲೇ ಕೈ ಬೀಸಿದೆ.

ಹುಲಿ? ಅದನ್ನೇ ತಾನೇ ಕೇಳೋದು. ಕಬಿನಿಯಲ್ಲಿ ನಮಸ್ಕಾರ ಅನ್ನೋ ಬದಲು "ಸೈಟಿಂಗ್ ಆಯ್ತಾ?" ಅಂತಾರೆ. ಟೀ ಅಂಗಡಿಯಲ್ಲಿ, ಗೇಟಿನಲ್ಲಿ, ಎದುರಿಗೆ ಬರುವ ಜೀಪಿನವರು, ಎಲ್ಲರೂ. ನಲವತ್ತು ಆನೆ ನೋಡಿದೆ ಅಂದರೆ "ಓ, ಆನೆನಾ" ಅಂದು ಸುಮ್ಮನಾಗ್ತಾರೆ.

ಎರಡನೇ ಸಫಾರಿ ಮುಂಜಾನೆಯದು. ಒಂದು ಕಡೆ ಮುಸುವ ಮರದ ಮೇಲಿಂದ ಖಕ್ ಖಕ್ ಅಂತ ಕೆಮ್ಮಿತು. ಜಿಂಕೆ ಕೂಗಿತು. ಆಮೇಲೆ ಕಡವೆ, ಹಳೇ ಕಾಲದ ಹಾರ್ನ್ ಥರ, ಪೋಂಕ್. ಡ್ರೈವರ್ ಎಂಜಿನ್ ಆಫ್ ಮಾಡಿ "ಕಾಲ್ ಬರ್ತಿದೆ" ಅಂದರು, ಅಂದರೆ ಹುಲಿ ಹತ್ತಿರ ಇದೆ ಅಂತ ಪ್ರಾಣಿಗಳು ಕೂಗಿ ಎಚ್ಚರಿಸೋದು. ಜಿಂಕೆ ಸುಮ್ನೆ ಏನೇನಕ್ಕೋ ಹೆದರುತ್ತೆ, ಕಡವೆ ಕೂಗಿದರೆ ಮಾತ್ರ ನಂಬಬಹುದು ಅಂತ ಅವರ ಲೆಕ್ಕ. ಕಾದೆವು. ನನ್ನ ಮುಂದಿನ ಸೀಟಿನ ಹುಡುಗ ಐದು ನಿಮಿಷಕ್ಕೊಮ್ಮೆ "ಅಪ್ಪಾ, ಹುಲಿ ಎಷ್ಟು ಗಂಟೆಗೆ ಬರುತ್ತೆ?" ಅಂತ ಪಿಸುಗುಟ್ಟುತ್ತಿದ್ದ. ಅರ್ಧ ಗಂಟೆ ಆಯಿತು. ಲಂಟಾನದ ಪೊದೆ ಅಲ್ಲಾಡಲಿಲ್ಲ. ಗೇಟಿಗೆ ವಾಪಸ್ ಹೋಗುವ ಹೊತ್ತಾಗುತ್ತೆ ಅಂತ ಮುಂದಿನ ಕೆರೆವರೆಗೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬಂದೆವು. ಇಪ್ಪತ್ತು ನಿಮಿಷ ಆಗಿರಬಹುದು.

ನಾವು ನಿಂತಿದ್ದ ಜಾಗದಲ್ಲಿ, ನಮ್ಮ ಟೈರಿನ ಗುರುತಿನ ಮೇಲೆ, ಹುಲಿಯ ಹೆಜ್ಜೆ. ಧೂಳಿನಲ್ಲಿ ಅಚ್ಚು ಒತ್ತಿದ ಹಾಗೆ, ಒಂದರ ಹಿಂದೆ ಒಂದು, ದಾರಿಯ ಮಧ್ಯದಲ್ಲಿ ಆರಾಮಾಗಿ ನಡೆದು ಹೋಗಿದೆ. ಅಂದರೆ ನಾವು ಅದನ್ನು ಕಾಯ್ತಾ ಇದ್ದಷ್ಟು ಹೊತ್ತೂ ಅದು ನಾವು ತೊಲಗಲಿ ಅಂತ ಕಾಯ್ತಾ ಕೂತಿತ್ತು! ಹಿಂದಿನ ಸೀಟಿನ ಅಂಕಲ್‌ಗೆ ಸಿಟ್ಟು ಬಂತು, ಇದನ್ನು ನೋಡೋಕೆ ಇಷ್ಟು ದುಡ್ಡಾ ಅಂದರು. ನನಗೆ ನಗು ಬಂತು. ನಗೋಣ ಅಂತ ಪಕ್ಕಕ್ಕೆ ತಿರುಗಿದರೆ ಪಕ್ಕದವರು ಫೋಟೋ ತೆಗೆಯುತ್ತಿದ್ದರು. ಒಬ್ಬಳೇ ಬಂದಿದ್ದು ಸ್ವಲ್ಪ ಚುಚ್ಚಿದ್ದು ಆಗ ಮಾತ್ರ, ಸುಳ್ಳು ಹೇಳಲ್ಲ.

ಕೊನೆ ದಿನ ಇನ್ನೊಂದು ಸಫಾರಿಗೆ ದುಡ್ಡು ಹಾಕೋಣವಾ ಅಂತ ಯೋಚಿಸ್ತಿದ್ದಾಗ ಮನೆಯ ಅಮ್ಮ, "ಸುಮ್ನೆ ಬಾವಲಿ ಬಸ್ಸು ಹತ್ತಿ ಹೋಗಿ ಬನ್ನಿ, ಅದೇ ಕಾಡು" ಅಂದರು. ಹೊಳೆದೇ ಇರಲಿಲ್ಲ ನೋಡಿ. ಬಾವಲಿ ಅಂದರೆ ಕೇರಳ ಗಡಿಯ ಊರು. ಅದರ ಮೇಲೆ ಮೈಸೂರಿಂದ ಮಾನಂದವಾಡಿಗೆ ಹೋಗುವ ರಸ್ತೆ ದಮ್ಮನಕಟ್ಟೆ ದಾಟಿದ ಮೇಲೆ ಕಾಡಿನೊಳಗೇ ಹೋಗುತ್ತೆ. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ, ಹಗಲು ಬಸ್ಸು ಓಡುತ್ತೆ.

ಹತ್ತಿದೆ. ಇಲ್ಲಿ ನನ್ನ ಪಕ್ಕದ ಸೀಟು ಒಂದು ನಿಮಿಷವೂ ಖಾಲಿ ಇರಲಿಲ್ಲ. ಒಬ್ಬ ಅಜ್ಜಿ ಚೀಲ ನನ್ನ ಕಾಲ ಮೇಲೆ ಇಟ್ಟು ಕೂತರು, ಕೇಳಲೂ ಇಲ್ಲ. ಅವರು "ಒಬ್ರೇನಾ" ಅನ್ನಲಿಲ್ಲ, "ಯಾರ ಮನೆಗೆ?" ಅಂದರು. ಯಾರ ಮನೆಗೂ ಅಲ್ಲ, ಆನೆ ನೋಡೋಕೆ ಅಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಶುರುವಾಯಿತು. ರಾಗಿ ತೆನೆಗೆ ಬಂದಾಗ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾಯೋದು, ಪಟಾಕಿ ಹೊಡೆದರೂ ಕದಲದ ಆನೆ, ಹಳೇ ರೈಲು ಕಂಬಿ ಹಾಕಿ ಬೇಲಿ ಮಾಡಿದರೆ ಅದನ್ನೂ ದಾಟೋಕೆ ಕಲಿತ ಆನೆ. ಇದನ್ನೆಲ್ಲ ಮಗನ ಮೇಲೆ ದೂರು ಹೇಳುವ ಹಾಗೆ ಹೇಳಿದರು, ಸಿಟ್ಟಿದೆ, ಆದರೆ ಬೇರೆಯವರು ಬೈದರೆ ಒಪ್ಪಲ್ಲ ಅನ್ನೋ ಥರ. ಅಷ್ಟರಲ್ಲಿ ಎಡಗಡೆ ಬಿದಿರು ಮೆಳೆ ಪಕ್ಕ ನಾಲ್ಕು ಆನೆ, ರಸ್ತೆಗೆ ಮೂವತ್ತಡಿ ಇರಬಹುದು, ಸಫಾರಿಯಲ್ಲೂ ಇಷ್ಟು ಹತ್ತಿರ ಕಂಡಿರಲಿಲ್ಲ. ನಾನು ಎದ್ದೇ ನಿಂತೆ. ಬಸ್ಸಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಡ್ರೈವರ್ ರೋಡ್ ಹಂಪ್ ಬಂದಾಗ ಮಾತ್ರ ಸ್ಲೋ ಮಾಡಿದರು. ಅಜ್ಜಿ ನನ್ನ ವೇಲ್ ಹಿಡಿದು ಜಗ್ಗಿ "ಕೂತ್ಕೋ, ಬೀಳ್ತೀಯ" ಅಂದರು.

ಸ್ವಲ್ಪ ಮುಂದೆ ಬಳ್ಳೆ ಬಂತು, ಆನೆ ಕ್ಯಾಂಪ್ ಇರುವ ಜಾಗ. ಆಗ ನೋಡಿ, ಅದುವರೆಗೆ ತೂಕಡಿಸ್ತಿದ್ದವರೂ ಕಿಟಕಿ ಕಡೆ ತಿರುಗಿದರು. ಅಜ್ಜಿ ನನ್ನ ಮೇಲೆ ಬಗ್ಗಿ ಹೊರಗೆ ನೋಡಿದರು. "ಅರ್ಜುನ ಇದ್ದ ಇಲ್ಲಿ" ಅಂದರು. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿದ್ದ ಆನೆ, 2012ರಿಂದ 2019ರವರೆಗೆ ಎಂಟು ದಸರಾದಲ್ಲಿ 750 ಕಿಲೋ ಅಂಬಾರಿ ಹೊತ್ತಿದ್ದು, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋಕೆ ಹೋಗಿ ಅಲ್ಲೇ ತೀರಿಕೊಂಡಿತು. ಅಜ್ಜಿಗೆ ಈ ವರ್ಷಗಳೆಲ್ಲ ಬೇಕಿರಲಿಲ್ಲ. "ವಯಸ್ಸಾಗಿತ್ತು ಕಣವ್ವ, ಅವನನ್ನ ಕಳಿಸಬಾರದಿತ್ತು" ಅಂದು ಚೀಲ ಸರಿ ಮಾಡಿಕೊಂಡರು.

ಬಾವಲಿಯಲ್ಲಿ ಇಳಿದು ಸೇತುವೆ ದಾಟಿ ಕೇರಳದ ಕಡೆ ಒಂದು ಕಟ್ಟನ್ ಚಾಯ್ ಕುಡಿದೆ. ಅಂಗಡಿಯವರು ಮಲಯಾಳದಲ್ಲಿ ಏನೋ ಕೇಳಿದರು. ಭಾಷೆ ಬರದಿದ್ದರೂ ಪ್ರಶ್ನೆ ಯಾವುದು ಅಂತ ಗೊತ್ತಾಯಿತು. ಒಂದು ಬೆರಳು ತೋರಿಸಿದೆ. ಅವರು ಒಂದು ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತಂದಿಟ್ಟರು.